ಪುಸ್ತಕ ಮುಚ್ಚಿದ ಸ್ಟೇಷನ್

ಭಾನುವಾರ ಬೆಳಗ್ಗೆ ಹತ್ತೂವರೆ. ತುಮಕೂರಿನ ಪ್ರಫುಲ್ಲಾ ತನ್ನ ಪುಸ್ತಕ ಬ್ಲಾಗನ್ನು ಅಳಿಸಿಹಾಕಲು ಕುಳಿತಿದ್ದಳು.

ಬ್ಲಾಗಿನ ಹೆಸರು ‘ಕಿಟಕಿ ಸೀಟು’.

ಪ್ರಫುಲ್ಲಾಗೆ ತಿಪಟೂರಿನ ಒಂದು ಬ್ಯಾಂಕಿನಲ್ಲಿ ಕೆಲಸ. ದಿನಾ ರೈಲಿನಲ್ಲಿ ಓಡಾಟ, ರೈಲಿನಲ್ಲೇ ಓದು. ಮುಗಿಸಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಬ್ಲಾಗಿನಲ್ಲಿ ಬರೆಯುತ್ತಿದ್ದಳು.

ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು… ಮನಸ್ಸು ತುಂಬಿ ಮುಂದಕ್ಕೆ ಓದಲಾಗದೆ ಯಾವ ಸ್ಟೇಷನ್ನಿನಲ್ಲಿ ಪುಸ್ತಕ ಮುಚ್ಚಿದೆ, ಆಗ ಕಿಟಕಿಯಾಚೆ ಏನು ಕಂಡಿತು ಎಂಬ ಸಾಲು.

“ನಿಟ್ಟೂರಿನಲ್ಲಿ ಮುಚ್ಚಿದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಅಪ್ಪ ಮಗಳಿಗೆ ಜಡೆ ಹೆಣೆಯುತ್ತಿದ್ದ.” ಇಂಥವು.

ಒಮ್ಮೆ ಬ್ಲಾಗಿಗರ ಕೂಟವೊಂದಕ್ಕೆ ಹೋದಾಗ ಅಲ್ಲೊಬ್ಬರು ಹೇಳಿದರು: “ನಿಮ್ ಟ್ರೇನ್ ಕಥೆ ಯಾರಿಗ್ಬೇಕು ಮೇಡಂ? ಐದಕ್ಕೆ ಎಷ್ಟು ಸ್ಟಾರ್, ಅಷ್ಟು ಹೇಳಿ. ಜನಕ್ಕೆ ಟೈಮಿಲ್ಲ.”

ಮಾತು ಸರಿ ಎನಿಸಿತು. ಆ ಸಾಲು ಹೋಯಿತು, ಸ್ಟಾರ್ ಬಂತು. ಪ್ರಕಾಶಕರಿಗೆ ಅನುಕೂಲವಾಗಲೆಂದು ಬ್ಲಾಗಿನ ಮೂಲೆಯಲ್ಲಿ ಫೋನ್ ನಂಬರ್ ಬಂತು.

ಕೊರಿಯರಿನಲ್ಲಿ ಪುಸ್ತಕಗಳು ಬರತೊಡಗಿದವು. ನೋಡುವವರೂ ಹೆಚ್ಚಿದರು.

ಆದರೆ ಓದು ಹೋಮ್‌ವರ್ಕ್ ಆಯಿತು… ಈಚೆಗಂತೂ ರೈಲು ಹತ್ತಿದರೆ ಬ್ಯಾಗಿನಿಂದ ಪುಸ್ತಕ ತೆಗೆಯಲೂ ಮನಸ್ಸಾಗುತ್ತಿರಲಿಲ್ಲ.

ಯಾರಿಗೋಸ್ಕರ ಇದೆಲ್ಲ? ಅಳಿಸಿಬಿಡೋಣ ಎಂದು ಕೂತಾಗಲೇ ಫೋನ್ ರಿಂಗಾಯಿತು.

“ಮೇಡಂ, ನಾನು ಗುಬ್ಬಿಯಿಂದ ಕುಸುಮ ಅಂತ. ನಿಮ್ಮಿಂದ ನಮ್ಮನೇಲಿ ಜಗಳ ಆಗ್ತೈತೆ.”

“ನನ್ನಿಂದಾನಾ?”

“ನಮ್ಮತ್ತೆಗೆ ಕಣ್ಣು ಕಾಣಲ್ಲ. ನಿಮ್ಮ ಬ್ಲಾಗ್ ನಾನೇ ಓದಿ ಹೇಳೋದು. ಈಗ ಕೊನೇ ಸಾಲು ಬರ್ತಾನೇ ಇಲ್ವಲ್ಲ… ನಾನೇ ಸೋಮಾರಿತನಕ್ಕೆ ಓದ್ದೆ ಬಿಡ್ತೀನಿ ಅಂತ ಬೈತಾವ್ರೆ. ನೀವೇ ಬರ್ದಿಲ್ಲ ಅಂತ ಒಂದ್ಸಲ ಹೇಳ್ಬಿಡಿ ಮೇಡಂ.”

ಹಿಂದಿನಿಂದ ಒಂದು ಗಡುಸು ದನಿ ಕೇಳಿತು. “ಫೋನಲ್ಲಿ ಹೇಳಿದ್ರೆ ನಾನು ನಂಬಲ್ಲ. ನಿನ್ನ ಗೆಳತೀರನ್ನೆಲ್ಲ ನಾನು ಕಾಣೆನೆ? ಬಂದು ಹೇಳಲಿ.”

ಪ್ರಫುಲ್ಲಾಗೆ ಎಷ್ಟೋ ದಿನದ ಮೇಲೆ ನಗು ಬಂತು. ಲ್ಯಾಪ್‌ಟಾಪ್ ಮುಚ್ಚಿಟ್ಟು, ಕುಸುಮಳಿಂದ ವಿಳಾಸ ಕೇಳಿಕೊಂಡು ಮಧ್ಯಾಹ್ನದ ರೈಲಿಗೆ ಗುಬ್ಬಿಗೆ ಹೊರಟಳು.

ಸ್ಟೇಷನ್ನಿಗೆ ಹತ್ತಿರದಲ್ಲೇ ಮನೆ. ಅತ್ತೆ ಪುಟ್ಟತಾಯಮ್ಮ ನಿವೃತ್ತ ಪ್ರೈಮರಿ ಶಾಲೆ ಟೀಚರ್. ತಿಪಟೂರಿನ ಶಾಲೆಗೆ ಇದೇ ರೈಲಿನಲ್ಲಿ ಕೈಯಲ್ಲೊಂದು ಪುಸ್ತಕ ಹಿಡಿದು ಓಡಾಡಿದವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು.

“ಬಂದ್ಯಾ? ಹೇಳು ಮತ್ತೆ… ಆ ಸಾಲು ನುಂಗಿದ್ದು ಇವಳೋ, ನೀನೋ?”

“ನಾನೇ ಬಿಟ್ಟಿದ್ದು ಟೀಚರ್.”

“ಕೇಳಿಸ್ಕೊಂಡ್ರಾ ಅತ್ತೆ?” ಎಂದಳು ಕುಸುಮ.

“ಕೇಳಿಸ್ತು. ಬೈದಿದ್ದು ವಾಪಸ್ ತಗೊಂಡೆ. ಹೋಗು, ಕಾಫಿ ಇಡು.”

ಆಮೇಲೆ ಪ್ರಫುಲ್ಲಾ ಕಡೆ ತಿರುಗಿ ಕೇಳಿದರು. “ಯಾಕಮ್ಮಾ ಬಿಟ್ಟೆ?”

“ಈಗ ಸ್ಟಾರ್ ಕೊಡ್ತೀನಲ್ಲ ಟೀಚರ್… ಪುಸ್ತಕ ಹೇಗಿದೆ ಅಂತ ಅದರಲ್ಲೇ ಗೊತ್ತಾಗುತ್ತೆ.”

“ಸ್ಟಾರು ನಾನೂ ಕೊಟ್ಟಿದ್ದೀನಿ, ಒಂದನೇ ಕ್ಲಾಸಿನ ಸ್ಲೇಟ್ ಮೇಲೆ. ಅಳೋ ಮಗೂಗೆ ಒಂದು ಜಾಸ್ತಿ.”

ಒಳಗಿಂದ ಕುಸುಮ ನಕ್ಕಿದ್ದು ಕೇಳಿಸಿತು.

“ಸರಿ, ಹೋದ ವಾರ ಒಂದು ಪುಸ್ತಕಕ್ಕೆ ಐದೂ ಕೊಟ್ಟೆಯಲ್ಲ… ಆ ಪುಸ್ತಕ ಎಲ್ಲಿ ಮುಚ್ಚಿದೆ?”

ಪ್ರಫುಲ್ಲಾ ನೆನಪಿಸಿಕೊಳ್ಳಲು ನೋಡಿದಳು. ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್… ಊಹೂಂ.

“ಎಲ್ಲೂ ಮುಚ್ಚಲಿಲ್ಲ ಟೀಚರ್,” ಎಂದಳು ಮೆಲ್ಲಗೆ.

“ನನಗೆ ಬೇಕಾಗಿದ್ದು ಅಷ್ಟೇ ಕಣಮ್ಮ. ಅದೊಂದು ಮಾತು ಹೇಳಿದ್ರೆ ನಾನು ಅದನ್ನ ಓದಿಸಿಕೊಳ್ಳಬೇಕೋ ಬೇಡವೋ ಅಂತ ಗೊತ್ತಾಗ್ತಿತ್ತು.”

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ರೈಲಿನ ಹಾರ್ನ್ ಕೇಳಿತು. ಪುಟ್ಟತಾಯಮ್ಮ ಮಾತು ನಿಲ್ಲಿಸಿ ಆ ಕಡೆಗೆ ಮುಖ ತಿರುಗಿಸಿದರು. ರೈಲು ಹೋಗುವವರೆಗೂ ಹಾಗೇ ಇದ್ದರು.

“ಕಣ್ಣು ಹೋದ ಮೇಲೂ ಈ ಮನೇಲಿ ನನಗೇನೂ ಕಮ್ಮಿ ಆಗಿಲ್ಲ. ಹೊತ್ತಿಗೆ ಊಟ, ಮಾತ್ರೆ… ಇವಳು ಬೈಸಿಕೊಂಡೂ ಓದಿ ಹೇಳ್ತಾಳೆ.

“ಆದ್ರೆ ಓದ್ತಾ ಓದ್ತಾ ಎದೆ ತುಂಬಿ ಬಂದಾಗ ತಲೆ ಎತ್ತಿ ಕಿಟಕಿ ಆಚೆ ನೋಡ್ತಿದ್ದೆ ನೋಡು… ಅದೊಂದು ಹೋಗಿಬಿಟ್ಟಿತ್ತು. ನಿನ್ನ ಆ ಸಾಲು ಬಂದಾಗ, ಆಚೆ ನೋಡ್ತಿದ್ದೆ.”

ಕಾಫಿ ಹಿಡಿದು ಬಂದ ಕುಸುಮ ಬಾಗಿಲಲ್ಲೇ ನಿಂತಳು.

ಪ್ರಫುಲ್ಲಾ ಕಣ್ಣೊರೆಸಿಕೊಂಡಳು. ಕಣ್ಣು ಕಾಣದಿದ್ದರೂ ಪುಟ್ಟತಾಯಮ್ಮನವರಿಗೆ ಅದು ತಿಳಿಯಿತು.

“ಅಳಬೇಡ. ಅತ್ತರೆ ಸ್ಟಾರು ಕೊಡಬೇಕಾಗ್ತದೆ.”

ಮೂವರೂ ನಕ್ಕರು. ಬೆಳಗ್ಗೆ ಬ್ಲಾಗ್ ಅಳಿಸಲು ಕೂತಿದ್ದೆ ಎಂಬುದನ್ನು ಪ್ರಫುಲ್ಲಾ ಅವರಿಗೆ ಹೇಳಲಿಲ್ಲ.

*

ಓದಿದ್ದಕ್ಕೆ ನಾವು ಹಾಕುವ ಅಂಕವನ್ನು ಎಲ್ಲರೂ ಮರೆಯುತ್ತಾರೆ… ಓದು ನಮ್ಮನ್ನು ತಡೆದು ನಿಲ್ಲಿಸಿದ ಜಾಗ ಮಾತ್ರ ಇನ್ನೊಬ್ಬರಿಗೆ ಕಿಟಕಿಯಾಗುತ್ತದೆ.

ಕಳೆದ ಸಲ ನೀವು ಪುಸ್ತಕ ಮುಚ್ಚಿ ಸುಮ್ಮನೆ ಆಚೆ ನೋಡಿದ್ದು ಎಲ್ಲಿ? ಅದನ್ನು ಯಾರಿಗಾದರೂ ಹೇಳಿದ್ದೀರಾ?

*

‘ಕಿಟಕಿ ಸೀಟು’ ಈಗಲೂ ಇದೆ. ಸ್ಟಾರ್ ಇಲ್ಲ. ಕೊರಿಯರ್ ಬರುವುದು ನಿಂತಿದೆ.

ಆಮೇಲಿನ ಮೊದಲ ಬರಹದ ಕೊನೆಯ ಸಾಲು ಹೀಗಿತ್ತು: “ಗುಬ್ಬಿಯಲ್ಲಿ ಮುಚ್ಚಿದೆ. ಕಿಟಕಿಯಾಚೆ ನೋಡಲಿಲ್ಲ, ಇಳಿದುಬಿಟ್ಟೆ.”

ಆ ಪುಸ್ತಕದ ಉಳಿದ ಪುಟಗಳನ್ನು ಅವಳು ಹಾಗೆ ಇಳಿದ ಸಂಜೆಯೇ ಪುಟ್ಟತಾಯಮ್ಮನವರ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿದಳು.