ಅರವತ್ತೆರಡು ಕಿಲೋ

ಆ ಮಾತ್ರೆಯಲ್ಲಿ ಸಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದಿನ ವಾರ ಟೈಲರಮ್ಮ ಬಂದಾಗ ಹೇಳಿಯೇ ಬಿಡಬೇಕೆಂದು ಹೊಟ್ಟೆ ಡಾಕ್ಟರು ಬೆಳಗ್ಗೆಯಿಂದ ಮೂರು ಸಲ ನಿರ್ಧರಿಸಿದ್ದರು. ನಾಲ್ಕನೆಯ ಸಲ ನಿರ್ಧರಿಸುವಷ್ಟರಲ್ಲಿ ಅವಳು ವಾರ ಮೊದಲೇ ಎದುರಿಗೆ ಬಂದು ಕೂತಿದ್ದಳು, ಬಾಗಿಲ ಕಡೆ ತಿರುತಿರುಗಿ ನೋಡುತ್ತ.

ಮೂರು ತಿಂಗಳ ಹಿಂದೆ ಮೊದಲ ಸಲ ಬಂದಾಗ ಅವಳು ಪಾಠ ಒಪ್ಪಿಸಿದಂತೆ ಹೇಳಿದ್ದಳು: ಊಟ ಸೇರುವುದಿಲ್ಲ, ಉಂಡ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತದೆ, ಬೆಲ್ಟಿಗೆ ಎರಡು ಹೊಸ ತೂತು ಹೊಡೆದಾಯಿತು.

ಡಾಕ್ಟರು ಬಿಡಲಿಲ್ಲ. ರಕ್ತ ನೋಡಿದರು, ಮಲ ನೋಡಿದರು, ಸ್ಕ್ಯಾನ್ ಮಾಡಿಸಿದರು. ಕ್ಯಾಮೆರಾದ ಕೊಳವೆಯನ್ನು ಅವಳು ಒಂದು ಸಲವೂ ಓಕರಿಸದೆ ನುಂಗಿದಳು. ಒಳಗೆಲ್ಲ ತೊಳೆದಿಟ್ಟ ಪಾತ್ರೆಯಷ್ಟು ಚೊಕ್ಕಟ. ತೂಕದ ಯಂತ್ರ ಬಂದಾಗಲೆಲ್ಲ ಅರವತ್ತೆರಡು ಕಿಲೋ ಎಂದಿತು, ಒಂದು ಗುಲಗಂಜಿ ಆಚೀಚೆ ಇಲ್ಲ. ಬೆಲ್ಟಿನದು ಸುಮ್ಮನೆ ಮಾತಿಗೆ ಹೇಳಿದ್ದು ಎಂದು ಡಾಕ್ಟರು ಬಿಟ್ಟುಬಿಟ್ಟರು.

ಗಂಡ ಯಾಕೆ ಜೊತೆಗೆ ಬರುವುದಿಲ್ಲ ಎಂದು ಕೇಳಿದ್ದರು.

"ಅವರಾ? ನಾಲ್ಕು ಜನ ಹೊತ್ಕೊಂಡು ಹೋದ್ರೆ ಮಾತ್ರ ಆಸ್ಪತ್ರೆಗೆ ಬರ್ತೀನಿ ಅಂತಾರೆ," ಎಂದು ನಕ್ಕಿದ್ದಳು.

ಡಾಕ್ಟರಿಗೆ ಅಲ್ಲೇ ರೋಗ ಸಿಕ್ಕಿತ್ತು. ಕಲ್ಲಿನಂಥ ಗಂಡ, ಹೇಳಿಕೊಳ್ಳಲು ಯಾರೂ ಇಲ್ಲದ ಹೆಂಡತಿ. ಮನಸ್ಸಿನ ನೋವು ಹೊಟ್ಟೆಗೆ ಇಳಿದಿದೆ. ಕಡತದಲ್ಲಿ 'ಕಾರಣ ತಿಳಿಯದು' ಎಂದು ಬರೆದು, ಬಿಳಿ ಮಾತ್ರೆಗಳನ್ನು ಕೊಟ್ಟು, ಒಳ್ಳೆಯ ಔಷಧಿ ಎಂದಿದ್ದರು. ಪುಡಿ ಮಾಡಿ ಊಟದಲ್ಲಿ ಬೆರೆಸಬಹುದೇ ಎಂದು ಅವಳು ಕೇಳಿದ್ದಳು. ಧಾರಾಳವಾಗಿ ಎಂದಿದ್ದರು.

ಕಳೆದ ತಿಂಗಳು ಬಂದವಳು ನೋವು ಒಂದಿಷ್ಟು ತಗ್ಗಿದ ಹಾಗಿದೆ ಎಂದಳು. ಅವರ ಕೋಟಿನ ಗುಂಡಿ ಜೋತಾಡುವುದನ್ನು ಕಂಡು, ಚೀಲದಿಂದ ಸೂಜಿ ದಾರ ತೆಗೆದು ಅಲ್ಲೇ ಹೊಲಿದುಕೊಟ್ಟಳು. ಅಂದಿನಿಂದ ದಿನಾ ಬೆಳಗ್ಗೆ ಆ ಗುಂಡಿ ಹಾಕುವಾಗ ಡಾಕ್ಟರಿಗೆ ಅವಳ ನೆನಪಾಗುತ್ತಿತ್ತು. ಇಷ್ಟು ನಂಬಿದವಳ ಕಣ್ಣಿಗೆ ಮಣ್ಣೆರಚಿದೆನಲ್ಲ ಎನಿಸುತ್ತಿತ್ತು.

"ನೋಡಮ್ಮ," ಡಾಕ್ಟರು ಮೇಜಿನ ಅಂಚು ಹಿಡಿದುಕೊಂಡರು. "ನಾನು ಕೊಟ್ಟ ಮಾತ್ರೇಲಿ ಔಷಧಿ ಇರ್ಲಿಲ್ಲ. ಬರೀ ಸಕ್ಕರೆ. ನಿಮಗೆ ಯಾವ ಕಾಯಿಲೇನೂ ಇಲ್ಲ ಅಂತ ನಂಗೆ ಖಾತ್ರಿ ಇತ್ತು. ತಪ್ಪಾಯ್ತು."

ಬಯ್ಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದರು. ಅವಳು ಎರಡೂ ಮಾಡಲಿಲ್ಲ. ಮುಖ ಮಾತ್ರ ಸುಣ್ಣ ಬಳಿದಂತಾಯಿತು.

"ನಂಗೆ ಕಾಯಿಲೆ ಇಲ್ಲ ಅನ್ನೋದು ನಂಗೂ ಗೊತ್ತಿತ್ತು ಡಾಕ್ಟ್ರೇ. ಪರೀಕ್ಷೆ ಮಾಡಿಸ್ಕೊಳ್ದೆ ನೀವು ಔಷಧಿ ಕೊಡ್ತಿರ್ಲಿಲ್ವಲ್ಲ."

ಎದ್ದು ಬಾಗಿಲು ತೆರೆದಳು. ಹೊರಗಿನ ಬೆಂಚಿನ ಕಡೆ ತಿರುಗಿ, "ಬನ್ನಿ, ಹಟ ಮಾಡಿದ್ದು ಸಾಕು," ಎಂದು ಮೆಲ್ಲಗೆ ಕರೆದಳು.

ಗೋಡೆ ಹಿಡಿದುಕೊಂಡು ಒಳಗೆ ಬಂದ ಅವಳ ಗಂಡನ ಬೆಲ್ಟಿನಲ್ಲಿ ಹೊಸ ತೂತುಗಳು ಎರಡಲ್ಲ, ನಾಲ್ಕಿದ್ದವು.