ಬೆಕ್ಕು ಬರುವ ಹಾಗೆ

"ಫರ್ಟಿವ್, ಸ್ಟೆಲ್ತಿ, ಎರಡೂ ಒಂದೇ ಅಲ್ವಾ ಮೇಡಂ? ಎರಡೂ ಗುಟ್ಟೇ ತಾನೆ?" ಎಂದಳು ಲೂಮ್.

ಆಜಾ ಮೇಡಂ ಜೋಳದ ಮುದ್ದೆ ತಿರುವುವುದನ್ನು ನಿಲ್ಲಿಸಲಿಲ್ಲ. ಕಾಡು ಸೇರಿದ ಬಂಡುಕೋರರು ಬಮೆಂಡಾ ಬೆಟ್ಟಗಳ ಶಾಲೆಗಳಿಗೆಲ್ಲ ಬೀಗ ಹಾಕಿಸಿ ಮೂರು ವರ್ಷವಾಗಿತ್ತು. ಅಕ್ಷರ ಕಲಿಯುವುದೂ ಕಳ್ಳತನವಾದ ಕಾಲ. ಕಳೆದ ತಿಂಗಳು ಹೊಳೆಯಾಚೆಯ ಮೇಷ್ಟ್ರೊಬ್ಬರು ಮನೆಯಲ್ಲಿ ಪಾಠ ಹೇಳಿ ಸಿಕ್ಕಿಬಿದ್ದು ಬಲಗೈ ಬೆರಳುಗಳನ್ನು ಕಳೆದುಕೊಂಡಿದ್ದರು. ದೂರದ ಪಟ್ಟಣದಲ್ಲಿ ಲೂಮ್ ಬರೆಯಬೇಕಿದ್ದ ಪರೀಕ್ಷೆಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು.

"ಒಂದೇ ಆಗಿದ್ರೆ ಇಂಗ್ಲಿಷಿನವರು ಎರಡು ಪದ ಯಾಕೆ ಕಟ್ಕೋತಿದ್ರು ಕಣೆ? ಬುಟ್ಟೀಲಿ ಕೆಸುವಿನ ಗಡ್ಡೆ ಕೆಳಗೆ ನೋಟ್‌ಬುಕ್ ಬಚ್ಚಿಟ್ಕೊಂಡು, ಹಿಂದೆ ಹಿಂದೆ ತಿರುಗಿ ನೋಡ್ತಾ ಬಂದ್ಯಲ್ಲ, ಅದು ಫರ್ಟಿವ್. ಒಳಗೆ ಅಳುಕಿದೆ. ಸ್ಟೆಲ್ತಿ ಹಾಗಲ್ಲ. ಬೆಕ್ಕು ಇಲಿ ಹಿಡಿಯೋಕೆ ಬರುತ್ತಲ್ಲ, ಹಾಗೆ. ಸದ್ದಿಲ್ಲ, ಅಳುಕೂ ಇಲ್ಲ."

"ಬೆಕ್ಕಿಗೂ ನಾಯಿ ಭಯ ಇರುತ್ತಲ್ಲ ಮೇಡಂ?"

"ನಿನ್ ತಲೆ!"

"ಚೆನ್ನಾಗಿದೀರಾ ಮೇಡಂ?"

ಬಾಗಿಲಲ್ಲಿ ತೆಬೊ ನಿಂತಿದ್ದ, ಹೆಗಲಲ್ಲಿ ಬಂದೂಕು. ಹಿಂದೆ ಮೇಡಂ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವನು, ಈಗ ಕಾಡಿನವರ ಪೈಕಿ. ಅಂಗಳದ ಕೋಳಿಗಳು ಕೂಡ ಬೆದರಿರಲಿಲ್ಲ.

"ಬೆಕ್ಕು, ಇಲಿ ಅಂತ ಏನೋ ಕೇಳಿಸ್ತು?"

"ಇಲಿ ಕಾಟ ಕಣಪ್ಪ. ಇವಳು ಪಕ್ಕದ ಮನೆ ಹುಡುಗಿ, ಗಡ್ಡೆ ತಂದಿದ್ಲು. ಕೂತ್ಕೋ, ಒಂದು ತುತ್ತು ಉಂಡು ಹೋಗು." ಮೇಡಂ ಮುದ್ದೆಕೋಲು ಬಿಟ್ಟು ತಟ್ಟೆಗೆ ಕೈಚಾಚಿದರು.

ತೆಬೊ ಲೂಮ್ ಕಡೆ ತಿರುಗಿದ. "ಹೇಳಮ್ಮ, ನಾನೀಗ ಬಂದ್ನಲ್ಲ, ಹಾಗೆ ಬರೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಇನ್ನು ಸಾಯುವ ತನಕ ಅದನ್ನು ಮರೆಯುವಂತಿರಲಿಲ್ಲ. ಬಾಯಿಬಿಟ್ಟರೆ ಮೇಡಂ ಬೆರಳುಗಳು ಹೋಗುತ್ತವೆ.

"ಗೊತ್ತಿಲ್ಲಣ್ಣ. ಶಾಲೆ ಬಿಟ್ಟು ಮೂರು ವರ್ಷ ಆಯ್ತು."

ತೆಬೊ ನಕ್ಕ. "ನಮ್ ಕಾಲದಲ್ಲಿ ಇಷ್ಟು ದಡ್ಡರು ಇರ್ಲಿಲ್ಲ ಅಲ್ವಾ ಮೇಡಂ?" ಬುಟ್ಟಿಯಿಂದ ಒಂದು ಗಡ್ಡೆ ಎತ್ತಿ ನೋಡಿದ. ಮತ್ತೆ ಅಲ್ಲೇ ಇಟ್ಟು ಹೊರಗೆ ಹೋದ.

ಮುದ್ದೆ ತಳಹತ್ತಿದ ವಾಸನೆ ಬರುವವರೆಗೂ ಇಬ್ಬರೂ ಅಲುಗಲಿಲ್ಲ. ಆಮೇಲೆ ಮೇಡಂ ಅವಳ ಕೈ ಹಿಡಿದುಕೊಂಡು ಪಿಸುಗುಟ್ಟಿದರು: "ಹೋದ ಕಣೆ. ನನ್ನ ಬದುಕಿಸ್ದೆ. ಈಗ ಹೇಳು, ಯಾವ ಪದ ಅದು?"

ಲೂಮ್ ಗೋಡೆಯತ್ತ ನೋಡಿದಳು. ಅವನು ಬಂದದ್ದು ಕೇಳಿಸಿರಲಿಲ್ಲ. ಹೋದದ್ದೂ ಕೇಳಿಸಿರಲಿಲ್ಲ.

"ಗೊತ್ತಿಲ್ಲ ಮೇಡಂ," ಎಂದಳು, ಗಟ್ಟಿಯಾಗಿ.