ರಜಾಯಿಯ ಮೇಲೆ ಕಾಫಿ

ಬಸವೇಶ್ವರನಗರದ ಬಾಡಿಗೆ ಮನೆಯ ತಾರಸಿಯಲ್ಲಿ ಗಿರಿರಾಜ್ ಒದ್ದೆ ರಜಾಯಿಯನ್ನು ತಂತಿಗೆ ಎಳೆದು ಹಾಕುತ್ತಿದ್ದಾಗಲೇ ಓನರ್ ಅಲಮೇಲು ಹಿಡಿದುಕೊಂಡರು. “ನಿನ್ನೇನೂ ರಜಾಯಿ, ಇವತ್ತೂ ರಜಾಯೀನಾ? ನೀರು ಎಷ್ಟಪ್ಪಾ ಖರ್ಚಾಗತ್ತೆ!”

“ಕಾಫಿ ಚೆಲ್ಬಿಟ್ಟೆ ಆಂಟಿ,” ಎಂದ.

ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಗಂಗಾಧರಯ್ಯ ತಲೆಯೆತ್ತಲಿಲ್ಲ. ನಿದ್ದೆಯಲ್ಲಿ ಅವರಿಗೇ ತಿಳಿಯದೆ ಮೂತ್ರ ಹೋಗಿಬಿಡುತ್ತಿತ್ತು. ಒದ್ದೆಯಾದ ರಜಾಯಿಯನ್ನು ಅಳಿಯನ ಕೈಯಲ್ಲಿ ಒಗೆಸಬೇಕಲ್ಲ ಎಂಬ ಸಂಕೋಚಕ್ಕೆ ಅವರ ಊಟವೇ ಅರ್ಧವಾಗಿತ್ತು.

ಮರುದಿನ ಬೆಳಿಗ್ಗೆ ಗಿರಿರಾಜ್ ಬಕೆಟ್ ಹಿಡಿದು ಅವರ ಕೋಣೆಗೆ ಹೋದ. ರಜಾಯಿ ಮತ್ತೆ ಒದ್ದೆಯಾಗಿತ್ತು. ಆದರೆ ಅದರ ನಡುಮಧ್ಯೆ ದೊಡ್ಡದೊಂದು ಕಂದು ಕಲೆ ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಖಾಲಿ ಲೋಟ.

ಮಾವ ಗೋಡೆಯತ್ತ ತಿರುಗಿಕೊಂಡೇ ಹೇಳಿದರು: “ಇವತ್ತು ನೀವು ಸುಳ್ಳು ಹೇಳೋದ್ ಬೇಡ ಅಳಿಯಂದ್ರೇ. ಕಾಫಿ ನಾನೇ ಚೆಲ್ಲಿದೀನಿ.”